ನನ್ನ ಹೆಸರಿನ ಬಸ್ಸು

ನನ್ನ ಸೋದರಮಾವನನ್ನು ಈ ಬರಹದಲ್ಲಿ ಏಕವಚನದಲ್ಲೇ ಕರೆಯುತ್ತೇನೆ. ಎದುರಿಗೆ ಸಿಕ್ಕರೆ ಇವತ್ತಿಗೂ ‘ನೀವು’ ಎಂದೇ ಬಾಯಿಗೆ ಬರುತ್ತದೆ. ಅದು ಅಮ್ಮ ಕಲಿಸಿದ್ದು, ಬಿಡುವುದು ಕಷ್ಟ. ಆದರೆ ಬರೆಯುವಾಗ ಅಮ್ಮ ಪಕ್ಕದಲ್ಲಿ ಕೂತಿರುವುದಿಲ್ಲ.

ನಮ್ಮದು ಹೆಣ್ಣಿನ ಕಡೆಯಿಂದ ಆಸ್ತಿ ಇಳಿದು ಬಂದ ಮನೆ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ನಮ್ಮವರ ಬಾಯಿ ಬದಲಾಗಿಲ್ಲ. ಕಾಪುವಿನ ಮನೆ ಅಮ್ಮನದ್ದು, ಅಮ್ಮನ ನಂತರ ನನ್ನದು, ನೋಡಿಕೊಳ್ಳುವವನು ಅಮ್ಮನ ಅಣ್ಣ. ಹೆಸರು ಹೆಂಗಸಿನದ್ದು, ಕೈ ಗಂಡಸಿನದ್ದು. ಹೊರಗಿನವರಿಗೆ ಇದನ್ನು ವಿವರಿಸಿದರೆ ‘ನಿಮ್ಮಲ್ಲಿ ಹೆಣ್ಣುಮಕ್ಕಳಿಗೆ ಎಷ್ಟು ಗೌರವ!’ ಎಂದು ಕಣ್ಣರಳಿಸುತ್ತಾರೆ. ಆ ಗೌರವದ ರುಚಿ ನೋಡಿದವಳು ನಾನು.

ಅಪ್ಪ ಮುಂಬಯಿಯ ಹೋಟೆಲೊಂದರಲ್ಲಿ ದುಡಿಯುತ್ತಿದ್ದವರು, ನಾನು ಶಾಲೆಯಲ್ಲಿರುವಾಗಲೇ ತೀರಿಕೊಂಡರು. ಆಮೇಲೆ ನಮ್ಮ ಮನೆಯ ಎಲ್ಲ ಮಾತುಗಳೂ ‘ಅಣ್ಣನನ್ನು ಕೇಳುವ’ ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದವು. ಅಣ್ಣ ಎಂದರೆ ಈ ಮಾವ. ಉಡುಪಿಯ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿ ಶುರು ಮಾಡಿದವನು, ಕೈಯಲ್ಲಿ ಗಡಿಯಾರ, ಬಾಯಿಯಲ್ಲಿ ವಿಸಿಲ್. ಯಾವ ರೂಟಿನಲ್ಲಿ ಎಷ್ಟು ಜನ, ಯಾವ ಹೊತ್ತಿಗೆ ಎಷ್ಟು ಕಲೆಕ್ಷನ್ ಎಂಬುದೆಲ್ಲ ಅವನಿಗೆ ಬಾಯಿಪಾಠ. ತೊಂಬತ್ತರ ದಶಕದ ಕೊನೆಯಲ್ಲಿ ಅವನು ಒಂದು ಬಸ್ಸು ಹಾಕಲು ಹೊರಟ. ಕಾಪುವಿನಿಂದ ಹೊರಟು ಉಡುಪಿ, ಮಣಿಪಾಲ, ಹಿರಿಯಡ್ಕ ದಾಟಿ ಕಾರ್ಕಳಕ್ಕೆ. ಪರ್ಮಿಟ್ ಸಿಕ್ಕಿತು, ಫೈನಾನ್ಸ್ ಕಂಪೆನಿಯವರು ಸಾಲ ಕೊಡಲು ಒಪ್ಪಿದರು. ಆಗ ಅವನು ನಮ್ಮ ಮನೆಯ ಜಗಲಿಯಲ್ಲಿ ಕೂತು, ಚಾ ಕುಡಿಯುತ್ತ, ಬಸ್ಸು ನನ್ನ ಹೆಸರಿನಲ್ಲಿರುತ್ತದೆ ಎಂದು ಹೇಳಿದ.

“ಹೆಂಡತಿಯ ಹೆಸರಿನಲ್ಲಿ ಮಾಡಿದರೆ ಅದು ಅವಳ ಮನೆಗೆ ಹೋಗ್ತದೆ. ಸೊಸೆಯ ಹೆಸರಿನಲ್ಲಿ ಮಾಡಿದರೆ ನಮ್ಮ ಮನೆಯಲ್ಲೇ ಉಳೀತದೆ. ನಾನು ಕುಟುಂಬಕ್ಕೆ ಮಾಡುವವ, ಗೊತ್ತುಂಟಲ್ಲ?”

ಸೊಸೆ ಎಂದರೆ ನಾನು, ತಂಗಿಯ ಮಗಳು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಆಗ ಲ್ಯಾಬ್ ಟೆಕ್ನೀಷಿಯನ್ ಕೋರ್ಸಿನ ಕೊನೆಯ ವರ್ಷದಲ್ಲಿದ್ದೆ. ಸಹಿ ಹಾಕುವ ದಿನ ಶಂಕರಪುರದ ಮಲ್ಲಿಗೆ ಮುಡಿದುಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ. ಫೈನಾನ್ಸ್ ಆಫೀಸಿನ ಗುಮಾಸ್ತ ಕಾಗದದ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿದ್ದ ಜಾಗಗಳಲ್ಲೆಲ್ಲ ಸಹಿ ಮಾಡಿದೆ. ಕೆಲವು ಹಾಳೆಗಳು ಖಾಲಿಯೇ ಇದ್ದವು. ಓದಬೇಕೆಂದು ಯಾರೂ ಹೇಳಲಿಲ್ಲ, ಮದುವೆಯ ಆಮಂತ್ರಣಕ್ಕೆ ಅರಿಶಿನ ಹಚ್ಚಿದಂತೆ ಒಂದೊಂದೇ ಮುಗಿಸಿದೆ. ಹೊರಗೆ ಬಂದ ಮೇಲೆ ಮಾವ ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಿದ.

ಬಸ್ಸಿನ ಹಣೆಗೆ ನನ್ನ ಹೆಸರನ್ನೇ ಬರೆಸಿದರು, ಕೆಂಪು ಅಕ್ಷರ, ಹಳದಿ ಅಂಚು. ನನ್ನ ಹೆಸರು ಇಲ್ಲಿ ಬೇಡ. ಅದು ಉದ್ದವಾದ ಹೆಸರಲ್ಲ, ಕಂಡಕ್ಟರ್ ಕೂಗುವುದಕ್ಕೆ ಅನುಕೂಲವಾಗಿತ್ತು ಎಂದರೆ ಸಾಕು. ನಾನು ಮಣಿಪಾಲದ ಲ್ಯಾಬೊಂದಕ್ಕೆ ಕೆಲಸಕ್ಕೆ ಸೇರಿದ ಮೇಲೆ ದಿನಾ ಅದೇ ಬಸ್ಸಿನಲ್ಲಿ ಹೋಗುತ್ತಿದ್ದೆ. ಬಾಗಿಲಲ್ಲಿ ನೇತಾಡುವ ಕಂಡಕ್ಟರ್ ನನ್ನ ಹೆಸರನ್ನು ಕೂಗಿ ಕೂಗಿ ಜನರನ್ನು ಹತ್ತಿಸುತ್ತಿದ್ದ. ಟಿಕೆಟ್ ಕೇಳುತ್ತಿರಲಿಲ್ಲ. ಓನರ್ ಎಂಬ ಅಧಿಕಾರದಲ್ಲಿ ನನಗೆ ಸಿಕ್ಕಿದ್ದು ಅಷ್ಟೇ, ಕಿಟಕಿ ಪಕ್ಕದ ಒಂದು ಸೀಟು. ಕಲೆಕ್ಷನ್ ಚೀಲ ರಾತ್ರಿಗೆ ಕಾರ್ಕಳದಲ್ಲಿದ್ದ ಮಾವನ ಮನೆಗೆ ಹೋಗುತ್ತಿತ್ತು. ಮಾವನ ಮನೆಗೆ ಮೊದಲ ವರ್ಷ ಮಹಡಿ ಬಂತು, ಎರಡನೆಯ ವರ್ಷ ಗ್ರಾನೈಟ್ ಬಂತು. ಅಮ್ಮ ಗೃಹಪ್ರವೇಶಕ್ಕೆ ಹೋಗಿ ಬಂದು, “ಎಷ್ಟು ಚೆಂದ ನೆಲ, ಮುಖ ಕಾಣ್ತದೆ” ಎಂದು ವಾರಗಟ್ಟಲೆ ಹೇಳಿದರು.

ಫೈನಾನ್ಸ್ ಕಂಪೆನಿಗೆ ಕಂತು ಮಾತ್ರ ಹೋಗಿರಲಿಲ್ಲ. ಅದು ನನಗೆ ಗೊತ್ತಾಗಿದ್ದು ಪರ್ಕಳದಲ್ಲಿ, ಬಸ್ಸಿನೊಳಗೆ ಕೂತಿರುವಾಗ. ಆ ದಿನ ಕಾರ್ಕಳದ ಕಡೆ ಒಬ್ಬ ಗೆಳತಿಯ ಮನೆಗೆ ಹೊರಟಿದ್ದೆ. ಕಂಪೆನಿಯವರ ಜೀಪೊಂದು ಅಡ್ಡ ಬಂತು, ನಾಲ್ಕಾರು ಗಂಡಸರು ಹತ್ತಿದರು, ಒಬ್ಬ ನೇರ ಡ್ರೈವರನ ಹತ್ತಿರ ಹೋಗಿ ಕೀಲಿ ಕೇಳಿದ. ಜನ ಗಾಬರಿಯಿಂದ ಎದ್ದು ನಿಂತರು. “ಓನರ್ ಎಲ್ಲಿ? ಓನರಿಗೆ ಫೋನ್ ಮಾಡಿ” ಎಂದು ಅವರಲ್ಲಿ ಒಬ್ಬ ಜೋರು ಮಾಡಿದಾಗ ಕಂಡಕ್ಟರ್ ನನ್ನ ಕಡೆ ಬೆರಳು ತೋರಿಸಿದ. ಇಡೀ ಬಸ್ಸು ತಿರುಗಿ ನೋಡಿತು. ನನ್ನ ಮಡಿಲಲ್ಲಿ ಗೆಳತಿಗೆಂದು ತೆಗೆದುಕೊಂಡ ಹಲಸಿನ ಹಪ್ಪಳದ ಕಟ್ಟು ಇತ್ತು.

ಆ ಗಂಡಸಿಗೂ ನಗು ಬಂದಿರಬೇಕು. “ಇಳೀರಿ ಮೇಡಂ,” ಎಂದ. ಎಲ್ಲರೂ ಇಳಿದೆವು. ಟಿಕೆಟಿನ ದುಡ್ಡು ವಾಪಸು ಕೇಳುತ್ತಿದ್ದ ಜನರ ನಡುವೆ ನಿಂತು ನನ್ನ ಹೆಸರು ಮಣಿಪಾಲದ ಇಳಿಜಾರಿನತ್ತ ಹೋಗುವುದನ್ನು ನೋಡಿದೆ. ಮಾವನಿಗೆ ಬೂತಿನಿಂದ ಫೋನ್ ಮಾಡಿದರೆ ಅತ್ತೆ ಎತ್ತಿಕೊಂಡು, ಅವರು ಊಟಕ್ಕೆ ಕೂತಿದ್ದಾರೆ, ಆಮೇಲೆ ಮಾಡು ಎಂದರು.

ಕಂಪೆನಿಯವರು ಬಸ್ಸನ್ನು ಮಾರಿದರು. ಕೊಂಡವನು ನನ್ನ ಹೆಸರನ್ನು ಅಳಿಸಲೇ ಇಲ್ಲ. ಜನ ಗುರುತು ಹಿಡಿಯುತ್ತಾರೆ, ಆ ಹೆಸರಿಗೆ ಕಲೆಕ್ಷನ್ ಉಂಟು ಎಂದನಂತೆ. ಹಾಗಾಗಿ ನಾನು ಮುಂದಿನ ಎಷ್ಟೋ ವರ್ಷ ನನ್ನದಲ್ಲದ ನನ್ನ ಹೆಸರಿನ ಬಸ್ಸಿಗೆ ಟಿಕೆಟ್ ತೆಗೆದುಕೊಂಡು ಕೆಲಸಕ್ಕೆ ಹೋದೆ. ಹೆಸರಿಗೆ ಬೆಲೆ ಇತ್ತು, ನನಗೆ ಮಾತ್ರ ಇರಲಿಲ್ಲ.

ಮಾರಿ ಬಂದ ದುಡ್ಡು ಸಾಲಕ್ಕೆ ಸಾಲಲಿಲ್ಲ. ಉಳಿದದ್ದಕ್ಕೆ ಕಂಪೆನಿ ನನ್ನ ಮೇಲೆ ದಾವೆ ಹಾಕಿತು. ಆಮೇಲೆ ಡೀಸೆಲ್ ಪಂಪಿನವನು ಬಂದ, ಟೈರಿನವನು ಬಂದ. ಮಾವ ಅವರೆಲ್ಲರಲ್ಲಿ ಸಾಲ ಮಾಡಿದ್ದು ‘ಓನರ್’ ಲೆಕ್ಕದಲ್ಲಿ. ಬಸ್ಸು ಓಡಿಸುವವನು ಅವನು ಎಂಬುದಕ್ಕೆ ಒಂದು ಮುಖತ್ಯಾರ ಪತ್ರ ಕೂಡ ಇರಲಿಲ್ಲ. ಮನೆಯೊಳಗೆ ಅದೆಲ್ಲ ಯಾಕೆ ಎಂದು ಅವನೇ ಹೇಳಿದ್ದ. ಕೋರ್ಟಿನ ಅಮೀನ ಬಂದು ನಮ್ಮ ಬಾಗಿಲಿಗೆ ನೋಟಿಸು ಅಂಟಿಸಿ ಹೋದ. ಅಂಟು ಎಷ್ಟು ಗಟ್ಟಿಯಾಗಿತ್ತೆಂದರೆ ಕೆರೆದು ತೆಗೆಯುವಾಗ ಬಾಗಿಲಿನ ವಾರ್ನಿಶ್ ಎದ್ದು ಬಂತು.

ಆಗ ಮಾವ ತನ್ನ ಗೆಳೆಯನಾದ ವಕೀಲನನ್ನು ಕರೆದುಕೊಂಡು ಬಂದ. ಇಸ್ಪೀಟಿನ ಗೆಳೆಯ. ಆತ ಜಗಲಿಯಲ್ಲಿ ಕೂತು, ಅಮ್ಮ ಕೊಟ್ಟ ನೀರುದೋಸೆ ತಿನ್ನುತ್ತ, ದಿವಾಳಿ ಅರ್ಜಿ ಹಾಕಿದರೆ ಎಲ್ಲರ ಕಾಟವೂ ಒಟ್ಟಿಗೆ ನಿಲ್ಲುತ್ತದೆ ಎಂದ.

“ಆಮೇಲೆ ಎಂತ ಆಗ್ತದೆ?” ಎಂದು ಕೇಳಿದೆ.

“ಎಂತದೂ ಆಗುವುದಿಲ್ಲ ಮಾರಾಯ್ತಿ. ನಿನ್ನ ಹತ್ರ ಆಸ್ತಿ ಎಂತ ಉಂಟು? ಮನೆ ಅಮ್ಮನದ್ದು. ಒಂದು ಸಹಿ ಹಾಕು, ಮುಗೀತು.”

“ಅರ್ಜಿ ಮಾವನ ಹೆಸರಿನಲ್ಲಿ ಹಾಕಲಿಕ್ಕೆ ಆಗುವುದಿಲ್ವಾ?”

ಮಾವ ಅಮ್ಮನ ಕಡೆ ತಿರುಗಿ, “ನೋಡು, ಮಗಳನ್ನು ಓದಿಸಿದ್ದು ಹೆಚ್ಚಾಯ್ತು ನಿನ್ನದು” ಎಂದು ನಕ್ಕ. ಅಮ್ಮ ನಗಲಿಲ್ಲ. ಆದರೆ ಸಹಿ ಹಾಕು ಎಂದು ಹೇಳಿದ್ದು ಅಮ್ಮನೇ.

ಎಂತದೂ ಆಗುವುದಿಲ್ಲ ಎಂದಿದ್ದನಲ್ಲ ಆ ವಕೀಲ. ಮೊದಲು ಆದದ್ದು ಪತ್ರಿಕೆಯ ಪ್ರಕಟಣೆ. ನಮ್ಮ ಕರಾವಳಿಯ ಜನ ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಮೊದಲು ನೋಡುವುದು ನಿಧನ ವಾರ್ತೆಯ ಪುಟ. ಯಾರು ಹೋದರು, ಯಾವ ಮನೆಯವರು, ಉತ್ತರಕ್ರಿಯೆಯ ಬೊಜ್ಜ ಯಾವಾಗ ಎಂದು ತಿಳಿದ ಮೇಲೆಯೇ ಚಾ ಇಳಿಯುವುದು. ನನ್ನ ಪ್ರಕಟಣೆ ಬಂದದ್ದು ಅದೇ ಪುಟದ ಕೆಳಗೆ, ಸತ್ತವರ ಫೋಟೋಗಳ ಕಾಲ ಬಳಿ. ಇಂಥವರ ಮಗಳು, ಕಾಪು ಗ್ರಾಮ, ದಿವಾಳಿ ಎಂದು ಘೋಷಿಸಲು ಅರ್ಜಿ ಸಲ್ಲಿಸಿರುತ್ತಾಳೆ, ಆಕ್ಷೇಪವಿದ್ದವರು ಹಾಜರಾಗತಕ್ಕದ್ದು. ಯಾವುದಾದರೂ ಒಳಪುಟದಲ್ಲಿ ಬಂದಿದ್ದರೆ ಒಬ್ಬನೂ ನೋಡುತ್ತಿರಲಿಲ್ಲ. ಇಲ್ಲಿ ಎಲ್ಲರೂ ನೋಡಿದರು. ಲ್ಯಾಬಿಗೆ ಹೋದರೆ ಜೊತೆಯ ಹುಡುಗಿ ರಕ್ತದ ಟ್ಯೂಬುಗಳನ್ನು ಜೋಡಿಸುತ್ತಿದ್ದವಳು ತಲೆ ಎತ್ತದೆ, “ಎಂತ ಆಯ್ತು ನಿಮ್ಮ ಮನೆಯಲ್ಲಿ?” ಎಂದು ಕೇಳಿದಳು, ಯಾರೋ ಸತ್ತ ಹಾಗೆ.

ಆಮೇಲೆ ಕೋರ್ಟು ನನ್ನನ್ನು ದಿವಾಳಿ ಎಂದು ಘೋಷಿಸಿತು. ಅದು ಸರಕಾರದ ಗೆಜೆಟ್ಟಿನಲ್ಲೂ ಅಚ್ಚಾಯಿತು. ನನ್ನ ಹತ್ತಿರ ಇರುವುದನ್ನೆಲ್ಲ ಬರೆದು ಕೊಡಬೇಕಾಗಿತ್ತು. ಒಂದು ಕೈಗಡಿಯಾರ, ಕಿವಿಯ ಓಲೆ, ಒಂದಿಷ್ಟು ಸೀರೆ, ಬ್ಯಾಂಕಿನಲ್ಲಿ ತಿಂಗಳ ಸಂಬಳದ ಚೂರು. ಕೋರ್ಟು ನೇಮಿಸಿದ ರಿಸೀವರ್ ಓಲೆ ಚಿನ್ನದ್ದೋ ಎಂದು ಕೇಳಿದರು. ಚಿನ್ನದ್ದೇ ಎಂದೆ. ಅದನ್ನು ಅಲ್ಲೇ ಬಿಚ್ಚಿ ಕೊಟ್ಟು, ಮನೆಗೆ ಬಂದು ಕಿವಿಗೆ ತೆಂಗಿನ ಗರಿಯ ಕಡ್ಡಿ ಹಾಕಿಕೊಂಡೆ. ಅಮ್ಮ ಅದನ್ನು ನೋಡಿ ಒಳಗೆ ಹೋದರು.

ವಕೀಲ ಒಂದು ಸಂಗತಿಯನ್ನು ತಮಾಷೆಗೆಂದು ಹೇಳಿದ. ದಿವಾಳಿಯಾದವರು ಕೋರ್ಟಿನಿಂದ ಆ ಪಟ್ಟ ಕಳಚಿ ಬಿಡುಗಡೆಯಾಗುವ ತನಕ ಯಾರಲ್ಲಾದರೂ ಐವತ್ತು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲ ಮಾಡಬೇಕಾದರೆ, ನಾನು ದಿವಾಳಿ ಎಂದು ಮೊದಲೇ ಹೇಳಬೇಕು. ಹೇಳದೆ ಸಾಲ ತೆಗೆದರೆ ಜೈಲು. ಬ್ರಿಟಿಷರ ಕಾಲದ ಕಾನೂನು, ಐವತ್ತು ರೂಪಾಯಿ ಆಗ ದೊಡ್ಡ ದುಡ್ಡು. “ಈಗ ಯಾರು ಪಾಲಿಸ್ತಾರೆ ಅದನ್ನು!” ಎಂದು ಅವನು ಹೊಟ್ಟೆ ಕುಲುಕಿಸಿ ನಕ್ಕ.

ನಾನು ಪಾಲಿಸಿದೆ. ಸಿಟ್ಟಿನಿಂದಲೇ ಪಾಲಿಸಿದೆ. ಉಡುಪಿಯ ಬಟ್ಟೆ ಅಂಗಡಿಯಲ್ಲಿ ಸೀರೆ ಕಟ್ಟಿಸಿ, ಉಳಿದದ್ದನ್ನು ಸಂಬಳದ ದಿನ ಕೊಡುತ್ತೇನೆ ಎನ್ನುವ ಮೊದಲು, “ನಾನು ಕೋರ್ಟಿನಿಂದ ಘೋಷಿತ ದಿವಾಳಿ, ನಿಮಗೆ ತಿಳಿಸುವುದು ನನ್ನ ಕರ್ತವ್ಯ” ಎಂದು ಕೌಂಟರಿನ ಮುಂದೆ ಗಟ್ಟಿಯಾಗಿ ಹೇಳಿದೆ. ಅಂಗಡಿಯವನು ಸೀರೆಯನ್ನು ನಿಧಾನವಾಗಿ ತನ್ನ ಕಡೆಗೆ ಎಳೆದುಕೊಂಡ. ಅಲ್ಲಿದ್ದ ಹೆಂಗಸರಲ್ಲಿ ಒಬ್ಬಳು ಕಾರ್ಕಳದವಳು, ಮಾವನ ಹೆಂಡತಿಯ ಪರಿಚಯದವಳು. ಅವಳು ಅಲ್ಲಿರುವುದನ್ನು ನೋಡಿಯೇ ನಾನು ಬಾಯಿ ತೆರೆದದ್ದು. ಆಮೇಲೆ ಮೀನಿನ ಹೆಂಗಸಿಗೆ ಹೇಳಿದೆ, ಮೆಡಿಕಲ್ ಶಾಪಿನಲ್ಲಿ ಹೇಳಿದೆ, ಚಪ್ಪಲಿ ಅಂಗಡಿಯಲ್ಲೂ ಹೇಳಿದೆ. ಸಾಲ ಬೇಡದ ಕಡೆಯೂ ಒಂದೆರಡು ಸಲ ಸಾಲ ಕೇಳಿ ಹೇಳಿದೆ.

ಒಬ್ಬಳ ಹತ್ತಿರ ಮಾತ್ರ ಅದು ನಡೆಯಲಿಲ್ಲ. ಮಣಿಪಾಲದಲ್ಲಿ ಲ್ಯಾಬಿನ ಹಿಂದಿನ ಓಣಿಯಲ್ಲಿ ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ಶೆಡ್ಡಿನಲ್ಲಿ ರೊಟ್ಟಿ ಊಟ ಹಾಕುತ್ತಿದ್ದಳು. ಕಟ್ಟಡ ಕೆಲಸಕ್ಕೆ ಬಂದ ಅವಳ ಊರಿನವರೇ ಅಲ್ಲಿನ ಗಿರಾಕಿಗಳು. ನಾನೂ ತಿಂಗಳ ಲೆಕ್ಕದಲ್ಲಿ ಉಣ್ಣಲು ಹೋಗಿ, ಮೊದಲ ದಿನವೇ ನನ್ನ ಘೋಷಣೆ ಮಾಡಿದೆ.

“ದಿವಾಳಿ ಅಂದ್ರ ಏನ್ರೀ ಅಕ್ಕಾರ?” ಎಂದಳು.

“ಸಾಲ ತೀರಿಸ್ಲಿಕ್ಕೆ ಆಗದವರು. ಕೋರ್ಟೇ ಹೇಳಿದೆ.”

“ಅದನ್ನ ಹೇಳಾಕ ಕೋರ್ಟ್ ಯಾಕ ಬೇಕ್ರೀ? ಇಲ್ಲಿ ಕುಂತಾರಲ್ಲ, ಎಲ್ಲಾರೂ ಅವ್ರ. ಕುಂಡ್ರಿ, ರೊಟ್ಟಿ ಆರತೈತಿ.”

ಸುತ್ತ ಕೂತಿದ್ದ ಗಂಡಸರು ನಕ್ಕರು. ನನಗೆ ನಗು ಬರಲಿಲ್ಲ. ಅವಳ ಶೆಡ್ಡಿನಲ್ಲಿ ನಾನು ಕೂಗಿ ಹೇಳಿದರೆ ಕಾರ್ಕಳಕ್ಕೆ ತಲುಪುವುದಿಲ್ಲ ಎಂದು ಬೇಜಾರಾಯಿತು. ಆದರೆ ಊಟ ಚೆನ್ನಾಗಿತ್ತು, ಬಿಡುಗಡೆಯಾಗುವ ತನಕ ಅಲ್ಲೇ ಉಂಡೆ.

ಕಾರ್ಕಳಕ್ಕೆ ಬಟ್ಟೆ ಅಂಗಡಿಯ ಮಾತು ತಲುಪಿತ್ತು. ಮಾವ ಕೆಂಡಾಮಂಡಲವಾಗಿ ಬಂದ.

“ಊರಿಗೆಲ್ಲ ಸಾರಿಕೊಂಡು ಬರ್ತೀಯಾ? ಮನೆಯ ಮರ್ಯಾದೆ ಎಂತ ಆಗಬೇಕು?”

“ಕಾನೂನು ಮಾವ. ಹೇಳದಿದ್ದರೆ ಜೈಲು. ನಿಮ್ಮ ವಕೀಲರೇ ಹೇಳಿದ್ದು.”

“ಆ ಕಾನೂನನ್ನು ಯಾರೂ ಕೇಳುವುದಿಲ್ಲ!”

“ನಾನು ಕೇಳ್ತೇನೆ.”

ಅವನಿಗೆ ಉರಿದದ್ದು ಯಾಕೆಂದು ಮುಂದಿನ ತಿಂಗಳು ಗೊತ್ತಾಯಿತು. ಅವನು ತನ್ನ ವಾರ್ಡಿನ ಚುನಾವಣೆಗೆ ನಿಂತ. ದಿವಾಳಿಯಾದವರು ಅಂಥ ಚುನಾವಣೆಗೆ ನಿಲ್ಲುವಂತಿಲ್ಲ. ಅವನು ದಿವಾಳಿಯಲ್ಲ, ಅವನ ಮೇಲೆ ಒಂದು ಕೇಸಿಲ್ಲ, ಒಂದು ಪೈಸೆ ಬಾಕಿ ಎಂದು ಯಾವ ಕಾಗದವೂ ಹೇಳುವುದಿಲ್ಲ. ಕೈಮುಗಿದು ನಿಂತ ಫೋಟೋ ಹಾಕಿ ‘ಶುದ್ಧ ಹಸ್ತದ ಅಭ್ಯರ್ಥಿ’ ಎಂದು ಅಚ್ಚು ಹಾಕಿಸಿದ. ಮನೆ ಮನೆಗೆ ಹೋದಾಗ ಬಸ್ಸಿನ ಸುದ್ದಿ ಎತ್ತಿದವರಿಗೆ, “ಅದು ನನ್ನ ಸೊಸೆಯದ್ದು, ಪಾಪ, ಹುಡುಗಿಗೆ ವ್ಯವಹಾರ ಗೊತ್ತಾಗಲಿಲ್ಲ” ಎಂದು ಮರುಗಿದನಂತೆ. ಗೆದ್ದ ಕೂಡ. ಗೆದ್ದ ದಿನ ಅಮ್ಮ ಪಾಯಸ ಮಾಡಿದರು. ನಾನು ತಿನ್ನಲಿಲ್ಲ. ಅಮ್ಮನಿಗೂ ಒಂದು ಮಾತು ಹೇಳಿಬಿಡಬೇಕೆಂದು ಬಾಯಿ ತನಕ ಬಂತು, ಪಾಯಸದ ಪಾತ್ರೆಯ ಮುಂದೆ ನಿಂತಿದ್ದ ಅವರ ಬೆನ್ನು ನೋಡಿ ಜಗಲಿಗೆ ಬಂದು ಕೂತೆ.

ಈ ನಡುವೆ ಕೆಮ್ಮಣ್ಣಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನಿದ್ದ, ಮಸ್ಕತ್ತಿನಲ್ಲಿ ಕೆಲಸ. ಹುಡುಗಿ ಕೋರ್ಟಿನಲ್ಲಿದ್ದಾಳಂತೆ ಎಂದು ಅವರು ಹಿಂದೆ ಸರಿದರು. ಅವರನ್ನು ದೂರುವುದಿಲ್ಲ. ಪತ್ರಿಕೆಯಲ್ಲಿ ನಿಧನ ವಾರ್ತೆ ಓದುವವರು ಕೆಮ್ಮಣ್ಣಿನಲ್ಲೂ ಇರುತ್ತಾರಲ್ಲ.

ಬಿಡುಗಡೆಗೆ ಬೇರೆಯೇ ಅರ್ಜಿ ಹಾಕಬೇಕು. ವಕೀಲ ಅದರ ಸುದ್ದಿಯನ್ನೇ ಎತ್ತಲಿಲ್ಲ, ನಾನೇ ಕೋರ್ಟಿನ ಗುಮಾಸ್ತರಲ್ಲಿ ಕೇಳಿ ಬರೆಸಿ ಹಾಕಿದೆ. ವಿಚಾರಣೆಯ ದಿನ ಅಮ್ಮ ಬಂದಿದ್ದರು. ಮಾವನೂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ, ಹಿರಿಯ ಎಂದು. ನ್ಯಾಯಾಧೀಶರು ನನ್ನನ್ನು ಕೇಳಿದ್ದು ಒಂದೇ ಮುಖ್ಯ ಪ್ರಶ್ನೆ: ಬಸ್ಸಿನ ಲೆಕ್ಕ ಎಲ್ಲಿ?

ಹಿಂದಿನ ದಿನ ಅಮ್ಮ ನನ್ನ ಕೈ ಹಿಡಿದು ಬೇಡಿಕೊಂಡಿದ್ದರು. “ಅಣ್ಣನ ಹೆಸರು ಕೋರ್ಟಿನಲ್ಲಿ ಎತ್ತಬೇಡ ಮಗಾ. ಅವ ಗೆದ್ದು ಇನ್ನೂ ಹೆಚ್ಚು ದಿನ ಆಗಲಿಲ್ಲ!” ನಾನು ಹೂಂ ಎಂದಿರಲಿಲ್ಲ, ಇಲ್ಲ ಎಂದೂ ಇರಲಿಲ್ಲ.

“ಲೆಕ್ಕ ನನ್ನ ಹತ್ತಿರ ಇಲ್ಲ,” ಎಂದೆ. “ಬಸ್ಸು ನಡೆಸಿದ್ದು ನನ್ನ ಮಾವ. ಅಲ್ಲೇ ಕೂತಿದ್ದಾರೆ, ಕೇಳಿ.”

ಮಾವ ಫ್ಯಾನು ನೋಡಿದ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನ್ಯಾಯಾಧೀಶರು ಅವನ ಕಡೆ ಒಂದು ಕ್ಷಣ ನೋಡಿ, ಬಸ್ಸಿನ ಮಾಲೀಕರು ತಾವೇ ಎಂದು ಅರ್ಜಿಯಲ್ಲಿ ಬರೆದಿದ್ದೀರಲ್ಲ ಎಂದು ನನ್ನನ್ನೇ ಕೇಳಿದರು. ಹೌದು ಎಂದೆ. ಸಹಿ ನಿಮ್ಮದೇ? ಹೌದು. ಅಷ್ಟೇ. ಬಿಡುಗಡೆ ಕೊಟ್ಟರು, ಆದರೆ ಕೂಡಲೇ ಅಲ್ಲ, ಒಂದು ವರ್ಷ ತಡೆಹಿಡಿದು. ಆದೇಶದಲ್ಲಿ ಕಾರಣ ಬರೆದಿತ್ತು: ಅರ್ಜಿದಾರಳು ತನ್ನ ವ್ಯವಹಾರದ ಲೆಕ್ಕಪತ್ರಗಳನ್ನು ಸರಿಯಾಗಿ ಇಟ್ಟುಕೊಂಡಿರುವುದಿಲ್ಲ. ನಾನು ಬಾಯಿಬಿಟ್ಟು ಹೇಳಿದ ಮಾವ ಆ ಆದೇಶದಲ್ಲಿ ಎಲ್ಲೂ ಇರಲಿಲ್ಲ.

ಆ ವರ್ಷ ಕಳೆದು ಬಿಡುಗಡೆ ಆಯಿತು. ಆಗ ನನಗೆ ಅರ್ಥವಾದ ಒಂದು ಸಂಗತಿ ಎಂದರೆ, ದಿವಾಳಿಯಾದದ್ದನ್ನು ಪತ್ರಿಕೆಯವರು ಅಚ್ಚು ಹಾಕುತ್ತಾರೆ, ಅದರಿಂದ ಹೊರಗೆ ಬಂದದ್ದನ್ನು ಯಾರೂ ಹಾಕುವುದಿಲ್ಲ. ನಿಧನ ವಾರ್ತೆಯ ಪುಟದಲ್ಲಿ ಒಮ್ಮೆ ಬಂದವರು ಎದ್ದು ಬಂದರೂ ಸುದ್ದಿಯಲ್ಲ. ಆದೇಶದ ದೃಢೀಕೃತ ಪ್ರತಿಯೊಂದನ್ನು ಪ್ಲಾಸ್ಟಿಕ್ ಹೊದಿಸಿ ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗಾಡತೊಡಗಿದೆ.

ನನಗೆ ಬೇಕಾಗಿದ್ದು ಒಂದೇ. ಕಾರ್ಕಳದಲ್ಲಿ ನನ್ನದೇ ಒಂದು ಸಣ್ಣ ಲ್ಯಾಬು. ರಕ್ತ, ಮೂತ್ರ, ಸಕ್ಕರೆ, ಹಿಮೋಗ್ಲೋಬಿನ್, ಅಷ್ಟೇ. ಎಷ್ಟೋ ವರ್ಷ ಮಣಿಪಾಲದಲ್ಲಿ ಇನ್ನೊಬ್ಬರ ಲ್ಯಾಬಿನಲ್ಲಿ ಸೂಜಿ ಹಿಡಿದ ಕೈ ಇದು, ಕೆಲಸದ ಬಗ್ಗೆ ನನಗೆ ಭಯ ಇರಲಿಲ್ಲ. ಕಾರ್ಕಳವೇ ಯಾಕೆ ಎಂದರೆ ಅಲ್ಲಿ ಲ್ಯಾಬುಗಳು ಕಡಿಮೆ ಎಂದು ಕೇಳಿದವರಿಗೆ ಹೇಳುತ್ತಿದ್ದೆ. ನಿಜವಾದ ಕಾರಣ, ಅಲ್ಲಿ ಸಿಕ್ಕಿದ ಕೋಣೆ ಮಾವನ ಮನೆಗೆ ಹೋಗುವ ದಾರಿಯಲ್ಲೇ ಇತ್ತು. ಅವನು ದಿನಾ ಅದರ ಮುಂದೆ ಹಾದುಹೋಗಬೇಕು ಎಂಬ ಆಸೆ.

ಪರೀಕ್ಷೆ ಮಾಡುವ ಮೆಷಿನಿಗೆ ಸಾಲ ಬೇಕಿತ್ತು. ಅಷ್ಟರಲ್ಲಿ ಬ್ಯಾಂಕುಗಳಿಗೆಲ್ಲ ಕಂಪ್ಯೂಟರ್ ಬಂದು, ಯಾರು ಎಲ್ಲಿ ಸಾಲ ಮಾಡಿ ಹೇಗೆ ತೀರಿಸಿದರು ಎಂಬ ಚರಿತ್ರೆಯನ್ನು ಮುಂಬಯಿಯ ಒಂದು ಕಂಪೆನಿ ಇಟ್ಟುಕೊಳ್ಳತೊಡಗಿತ್ತು. ಕಾರ್ಕಳದ ಬ್ಯಾಂಕಿನ ಮ್ಯಾನೇಜರ್ ಸಜ್ಜನ, ಚಿಕ್ಕ ವಯಸ್ಸಿನವನು. ನನ್ನ ಅರ್ಜಿ ನೋಡಿ ಖುಷಿಪಟ್ಟ, ವಾರ ಬಿಟ್ಟು ಹೋದಾಗ ಮುಖ ಸಪ್ಪೆ ಮಾಡಿಕೊಂಡಿದ್ದ.

“ಮೇಡಂ, ನಿಮ್ಮ ಹೆಸರಿನಲ್ಲಿ ಒಂದು ವಾಹನ ಸಾಲ ರೈಟ್ ಆಫ್, ಅಂದರೆ ವಸೂಲಾಗದ್ದು ಅಂತ ಬರ್ತಾ ಉಂಟು.”

ಪ್ಲಾಸ್ಟಿಕ್ ಹೊದಿಸಿದ ಆದೇಶವನ್ನು ಮೇಜಿನ ಮೇಲಿಟ್ಟೆ. ಅವನು ಅದನ್ನು ಪೂರ್ತಿ ಓದಿದ.

“ಸರಿ ಉಂಟು. ಆದರೆ ಇದು ಕೋರ್ಟಿನದ್ದು. ಅದು ಮುಂಬಯಿಯದ್ದು. ಇದು ಅದಕ್ಕೆ ಗೊತ್ತಿಲ್ಲ.”

“ಹಾಗಾದರೆ ತಿಳಿಸಿ.”

“ನಾವು ತಿಳಿಸ್ಲಿಕ್ಕೆ ಬರುವುದಿಲ್ಲ. ಸಾಲ ಕೊಟ್ಟ ಕಂಪೆನಿಯೇ ತಿಳಿಸಬೇಕು.”

ಸಾಲ ಕೊಟ್ಟ ಕಂಪೆನಿಯ ಉಡುಪಿ ಆಫೀಸು ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಆ ಕಂಪೆನಿಯನ್ನು ಬೇರೊಂದು ಕಂಪೆನಿ ಕೊಂಡುಕೊಂಡಿತ್ತು. ಅವರಿಗೆ ಬರೆದರೆ ಹಳೆಯ ದಾಖಲೆ ಸಿಗುತ್ತಿಲ್ಲ ಎಂದರು. ಮುಂಬಯಿಗೆ ಡಿಡಿ ಕಳಿಸಿ ನನ್ನ ಚರಿತ್ರೆಯನ್ನು ತರಿಸಿಕೊಂಡೆ. ಒಂದೇ ಹಾಳೆ. ನಾನು ಒಂದು ದಿನವೂ ನಡೆಸದ ಬಸ್ಸು, ಕಣ್ಣಿನಲ್ಲಿ ನೋಡದ ದುಡ್ಡು, ಕಟ್ಟದ ಕಂತುಗಳು. ಆ ಹಾಳೆಯ ಪ್ರಕಾರ ನಾನು ಹುಟ್ಟಿ ಮಾಡಿದ ಕೆಲಸ ಅದೊಂದೇ. ಮತ್ತೆ ಬರೆದೆ, ಮತ್ತೆ ಉತ್ತರ ಬಂತು, ಕೊನೆಗೆ ಉತ್ತರ ಬರುವುದೂ ನಿಂತಿತು.

ಮ್ಯಾನೇಜರ್ ನನ್ನ ಮೇಲಿನ ಕನಿಕರದಿಂದಲೇ ಒಂದು ದಾರಿ ಹೇಳಿದ. ಒಳ್ಳೆಯ ಹೆಸರಿನವರು ಯಾರಾದರೂ ಮುಂದೆ ನಿಂತರೆ ನೋಡಬಹುದು. “ನಿಮ್ಮ ಮಾವನೇ ಇದ್ದಾರಲ್ಲ ಮೇಡಂ. ಅವರದ್ದು ಫಸ್ಟ್ ಕ್ಲಾಸ್ ರೆಕಾರ್ಡ್!”

ನಾನು ಕುರ್ಚಿಯಿಂದ ಎದ್ದು ಬಂದುಬಿಟ್ಟೆ. ಆದರೆ ಅಮ್ಮ ನನಗೆ ಹೇಳದೆ ಕಾರ್ಕಳಕ್ಕೆ ಸುದ್ದಿ ಮುಟ್ಟಿಸಿದ್ದರು. ಭಾನುವಾರ ಮಾವ ಬಂದ. ಅದೇ ಜಗಲಿ, ಅದೇ ಕುರ್ಚಿ. ಈಗ ಕೊರಳಲ್ಲಿ ದಪ್ಪ ಸರ, ಜೇಬಿನಲ್ಲಿ ಮೊಬೈಲು. ಚಾ ಕುಡಿದು ಮುಗಿಸಿ, ನನ್ನನ್ನು ನೋಡದೆ ಅಮ್ಮನಿಗೆ ಹೇಳಿದ.

“ಲ್ಯಾಬ್ ಒಳ್ಳೆಯ ಐಡಿಯಾ. ನಾನು ಮಾಡಿಸ್ತೇನೆ. ಆದರೆ ಇವಳ ಹೆಸರು ಹಾಳಾಗಿದೆ ಅಲ್ವಾ, ಬ್ಯಾಂಕಿನವರು ಒಪ್ಪುವುದಿಲ್ಲ. ನನ್ನ ಮಗನ ಹೆಸರಿನಲ್ಲಿ ಮಾಡುವ. ಇವಳು ಒಳಗೆ ಕೂತು ಕೆಲಸ ಮಾಡಲಿ. ಮನೆಯೊಳಗೆ ಹೆಸರು ಯಾರದ್ದಾದರೆ ಎಂತ?”

ಅಮ್ಮ ಚಾ ಲೋಟ ತೆಗೆದುಕೊಳ್ಳಲು ಬಗ್ಗಿದ್ದವರು ಹಾಗೆಯೇ ನಿಂತರು. ನಾನು ಬಾಯಿ ತೆರೆಯುವ ಮೊದಲೇ ಅವರು ಮಾತಾಡಿದರು. ಜೀವಮಾನದಲ್ಲಿ ಅಣ್ಣನಿಗೆ ಎದುರಾಡದ ಹೆಂಗಸು.

“ಅಣ್ಣ, ಹಾಳಾಗಿದೆ ಅಂತ ಹೇಳಬೇಡ. ಹಾಳು ಮಾಡಿದೆ ಅಂತ ಹೇಳು.”

ಅವನು ಎದ್ದು ಹೋದ. ಗೇಟು ಹಾಕಲಿಲ್ಲ. ಅಮ್ಮ ಹೋಗಿ ಗೇಟು ಹಾಕಿ ಬಂದು, ಕೋಣೆಯ ಕಪಾಟಿನಿಂದ ಬಳೆಗಳನ್ನು ತೆಗೆದು ನನ್ನ ಮುಂದೆ ಇಟ್ಟರು. ಅವರ ಅಮ್ಮನಿಂದ ಬಂದ ಬಳೆಗಳು, ನಾಳೆ ನನ್ನ ಕೈಗೆ ಬರಬೇಕಾದವು. “ಮಾರು,” ಎಂದರು. ಯಾರನ್ನೂ ಕೇಳಬೇಕೆಂದು ಹೇಳಲಿಲ್ಲ. ನನಗೆ ಅಳು ಬಂತು. ಇಷ್ಟು ವರ್ಷ ಈ ಮಾತನ್ನು ಎಲ್ಲಿಟ್ಟುಕೊಂಡಿದ್ದಿರಿ ಎಂದು ಅವರ ಮೇಲೂ ಸಿಟ್ಟು ಬಂತು. ಬಳೆಗಳನ್ನು ಮಾರಿದೆ.

ಮಂಗಳೂರಿನಲ್ಲಿ ಮುಚ್ಚುತ್ತಿದ್ದ ಒಂದು ಲ್ಯಾಬಿನಿಂದ ಹಳೆಯ ಮೆಷಿನು, ಒಂದು ಮೈಕ್ರೋಸ್ಕೋಪು, ಸಣ್ಣ ಫ್ರಿಜ್ಜು ಸಿಕ್ಕಿದವು. ಕಾರ್ಕಳದ ಕೋಣೆಗೆ ಸುಣ್ಣ ಬಳಿಸಿದೆ. ಬೋರ್ಡು ಬರೆಸುವಾಗ, ಉಡುಪಿಯಲ್ಲಿ ಬಸ್ಸಿಗೆ ಅಕ್ಷರ ಬರೆದಿದ್ದ ಪೇಂಟರನನ್ನೇ ಹುಡುಕಿ ಕರೆಸಿದೆ. ಕೆಂಪು ಅಕ್ಷರ, ಹಳದಿ ಅಂಚು, ನನ್ನ ಹೆಸರು. ಲ್ಯಾಬಿಗೆ ಇಂಥ ಬಣ್ಣ ಚೆಂದ ಅಲ್ಲ, ಬಿಳಿ ನೀಲಿ ಮಾಡುವ ಎಂದು ಅವನು ಎಷ್ಟೋ ಹೇಳಿದ. ನಾನು ಕೇಳಲಿಲ್ಲ.

ವ್ಯಾಪಾರ ನಿಧಾನಕ್ಕೆ ಕೈ ಹಿಡಿಯಿತು. ಮುಂಬಯಿಯ ಹಾಳೆಯಲ್ಲಿ ನಾನು ಬದಲಾಗಲಿಲ್ಲ, ಸ್ಕೂಟರಿಗೆ ಸಾಲ ಕೇಳಿದರೂ ಇಲ್ಲ ಎಂದರು. ಹಾಗಾಗಿ ಎಲ್ಲವನ್ನೂ ನಗದಿನಲ್ಲೇ ಕೊಂಡೆ, ಯಾರಿಗೂ ಸಾಲ ಕೊಡುವುದಿಲ್ಲ ಎಂದು ಗೋಡೆಯ ಮೇಲೆ ಬರೆಸಿದೆ. ಬಡವರು ಬಂದರೆ ಸುಮ್ಮನೆ ಮಾಡಿಕೊಡುತ್ತಿದ್ದೆ, ಸಾಲವೆಂದು ಮಾತ್ರ ಕೊಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಾವ ಬಂದ. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ, ಕೊಲೆಸ್ಟರಾಲು, ಇನ್ನೆರಡು. ಡಾಕ್ಟರು ಕೂಡಲೇ ಮಾಡಿಸಲು ಹೇಳಿದ್ದಾರಂತೆ, ಅವನು ಯಾವಾಗಲೂ ಹೋಗುವ ದೊಡ್ಡ ಲ್ಯಾಬು ಆ ದಿನ ತೆರೆದಿರಲಿಲ್ಲ. ಬೆಂಚಿನ ಮೇಲೆ ಆರೇಳು ಜನ ಕೂತಿದ್ದರು, ಅವನ ವಾರ್ಡಿನವರೇ ಹೆಚ್ಚು. ಎದ್ದು ಜಾಗ ಕೊಟ್ಟರು. ನಾನು ಉಳಿದವರ ಹಾಗೆಯೇ ಅವನ ತೋಳಿಗೆ ಪಟ್ಟಿ ಕಟ್ಟಿ ರಕ್ತ ತೆಗೆದೆ. ನರ ಚೆನ್ನಾಗಿ ಸಿಕ್ಕಿತು. ನೋಯಿಸಬೇಕೆಂದು ಅನ್ನಿಸಲಿಲ್ಲ ಎಂದು ಸುಳ್ಳು ಬರೆಯುವುದಿಲ್ಲ, ಆದರೆ ನೋಯಿಸಲಿಲ್ಲ.

ಅವನು ತೋಳು ಮಡಚಿಕೊಂಡು ಎದ್ದು, ಬಾಗಿಲಲ್ಲಿ ಚಪ್ಪಲಿ ಹಾಕುತ್ತ, “ದುಡ್ಡು ನಾಳೆ ಕಳಿಸ್ತೇನೆ ಆಯ್ತಾ?” ಎಂದ. ಅಭ್ಯಾಸದ ಮಾತು, ಉತ್ತರಕ್ಕೆ ಕಾಯದ ಮಾತು.

“ನಿಲ್ಲಿ ಮಾವ,” ಎಂದೆ. “ಐವತ್ತು ರೂಪಾಯಿಗಿಂತ ಹೆಚ್ಚು ಆಗಿದೆ. ಅಷ್ಟು ಸಾಲ ಕೇಳುವವರು ಮೊದಲು ತಾವು ಯಾರು ಅಂತ ಹೇಳಬೇಕು. ಇಷ್ಟು ಜನ ಇದ್ದಾರೆ. ಹೇಳಿ.”

ಬೆಂಚಿನವರು ನಮ್ಮಿಬ್ಬರ ಮುಖವನ್ನೂ ನೋಡಿದರು. ಅವರಿಗೆ ಕಾನೂನು ಗೊತ್ತಿರಲಿಲ್ಲ, ಬಸ್ಸಿನ ಸಂಗತಿ ಮಾತ್ರ ಎಲ್ಲರಿಗೂ ಗೊತ್ತಿತ್ತು. ಯಾರೋ ಕೆಮ್ಮಿದರು. ಹೊರಗೆ ರಸ್ತೆಯಲ್ಲಿ ಕಂಡಕ್ಟರನೊಬ್ಬ ನನ್ನ ಹೆಸರು ಕೂಗುತ್ತ ಜನ ಹತ್ತಿಸುತ್ತಿದ್ದ.

ಮಾವ ಪರ್ಸು ತೆಗೆದ. ನೂರರ ನೋಟುಗಳು ಅದರಲ್ಲಿ ತುಂಬಿದ್ದವು. ಎಣಿಸಿ ಮೇಜಿನ ಮೇಲೆ ಇಟ್ಟ. ನಾನು ಚಿಲ್ಲರೆ ಕೊಟ್ಟು, ರಸೀದಿ ಪುಸ್ತಕ ತೆರೆದು, ಅವನ ಪೂರ್ತಿ ಹೆಸರು ಕೇಳಿ ಕೇಳಿ ಬರೆದೆ. ನಮ್ಮಿಬ್ಬರ ನಡುವಿನ ದುಡ್ಡಿನ ವ್ಯವಹಾರದಲ್ಲಿ ಅವನ ಹೆಸರು ಒಂದು ಕಾಗದದ ಮೇಲೆ ಬಂದದ್ದು ಅದೇ ಮೊದಲು.